ಕುದುರೆಗಳು ಬಿಟ್ಟುಹೋದ ದಾರಿ

ಬೈಸಿಕಲ್ಲಿನ ಮೇಲೆ ಊರಿಂದೂರಿಗೆ ಹೋಗುವ ಹವ್ಯಾಸವುಳ್ಳವನಿಗೆ ಹೆದ್ದಾರಿಯಲ್ಲಿ ಎದುರಾಗುವ ಕಷ್ಟಗಳು ಮುಖ್ಯವಾಗಿ ಎರಡು: ಒಂದು ರಸ್ತೆಯ ಏರು, ಇನ್ನೊಂದು ಹಿಂದಿನಿಂದ ಹಾರನ್ನು ಬಾರಿಸುತ್ತ ಮೈಮೇಲೆಯೇ ಬರುವ ಲಾರಿ. ಮೊದಲನೆಯದಕ್ಕೆ ಕಾಲಿನ ಬಲವೂ ತಾಳ್ಮೆಯೂ ಮದ್ದು. ಎರಡನೆಯದಕ್ಕೆ ಮದ್ದೆಂಬುದಿಲ್ಲ, ಮರ್ಯಾದೆಯಾಗಿ ಪಕ್ಕದ ಮಣ್ಣಿಗಿಳಿದು ನಿಲ್ಲುವುದೊಂದೇ ಉಪಾಯ. ಈ ಎರಡೂ ಏಕಕಾಲದಲ್ಲಿ ಇಲ್ಲದಿರುವ ದಾರಿಗಳು ಲೋಕದಲ್ಲಿ ಉಂಟೆಂದೂ, ಅವು ಒಂದೆರಡು ಹರದಾರಿಯಲ್ಲ, ನೂರಾರು ಕಿಲೋಮೀಟರುಗಳವರೆಗೆ ಹೊಲ, ತೋಟ, ಹಳ್ಳಿಗಳ ನಡುವೆ ನೀರಿನ ಅಂಚನ್ನು ಬಿಡದೆ ಸಾಗುತ್ತವೆಯೆಂದೂ ಹೇಳಿದರೆ ನಮ್ಮಲ್ಲಿ ಹಲವರಿಗೆ ಅದು ಉತ್ಪ್ರೇಕ್ಷೆಯಾಗಿ ತೋರೀತು. ಆದರೆ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ, ಅಮೆರಿಕದ ಪೊಟೋಮ್ಯಾಕ್ ನದಿಯ ಕಣಿವೆಯಲ್ಲಿ ಇಂಥವು ಇಂದಿಗೂ ಇವೆ. ಇವುಗಳಲ್ಲಿ ಯಾವೊಂದೂ ಬೈಸಿಕಲ್ಲಿಗಾಗಿ ಹುಟ್ಟಿದ್ದಲ್ಲ. ಬೈಸಿಕಲ್ಲೆಂಬ ವಾಹನವೇ ಕಣ್ಣು ಬಿಡುವುದಕ್ಕೆ ಬಹು ಹಿಂದೆ, ದೋಣಿಗಳನ್ನೆಳೆಯುತ್ತಿದ್ದ ಕುದುರೆಗಳಿಗಾಗಿ, ಹೇಸರಗತ್ತೆಗಳಿಗಾಗಿ ಅವು ಸಿದ್ಧವಾದುವು. ಆ ಪ್ರಾಣಿಗಳು ನಿವೃತ್ತವಾದ ಮೇಲೆ ದಾರಿಗಳು ಮಾತ್ರ ಉಳಿದುವು.

ಎಂಜಿನ್ನುಗಳ ಕಾಲಕ್ಕೆ ಮೊದಲು, ಭಾರವಾದ ಸರಕನ್ನು ದೂರದೇಶಕ್ಕೆ ಸಾಗಿಸುವುದಕ್ಕೆ ನೀರಿಗಿಂತ ಸುಗಮವಾದ ಮಾರ್ಗ ಇನ್ನೊಂದಿರಲಿಲ್ಲ. ಕೆಸರಿನ ರಸ್ತೆಯಲ್ಲಿ ಒಂದು ಟನ್ನು ಭಾರವನ್ನೆಳೆಯಲು ಏದುಸಿರು ಬಿಡುತ್ತಿದ್ದ ಕುದುರೆಯೇ, ನಿಂತ ನೀರಿನ ಮೇಲೆ ತೇಲುವ ದೋಣಿಗೆ ಹಗ್ಗ ಕಟ್ಟಿಕೊಟ್ಟರೆ, ಅದರ ಹತ್ತಾರು ಪಟ್ಟು ಭಾರವನ್ನು ನಿಧಾನವಾಗಿಯಾದರೂ ನಿರಾಯಾಸವಾಗಿ ಎಳೆದುಕೊಂಡು ಹೋಗಬಲ್ಲುದಾಗಿತ್ತು. ಆದರೆ ಕುದುರೆ ನೀರಿನಲ್ಲಿ ನಡೆಯಲಾರದಷ್ಟೆ. ಅದಕ್ಕೆ ದಂಡೆಗುಂಟ, ನೀರಿನ ಅಂಚಿನಿಂದ ದೂರ ಸರಿಯದೆ, ಹಗ್ಗಕ್ಕೆ ತೊಡರುವ ಪೊದೆಯಾಗಲಿ ಬೇಲಿಯಾಗಲಿ ಅಡ್ಡವಿಲ್ಲದೆ ಸಾಗುವ ದಾರಿ ಬೇಕು. ಆದುದರಿಂದ ಕಾಲುವೆ ತೋಡಿದವರೆಲ್ಲ ಅದರ ಮಗ್ಗುಲಲ್ಲಿ ಒಂದು ಕುದುರೆದಾರಿಯನ್ನೂ ಮಾಡಲೇಬೇಕಾಯಿತು. ಊರ ರಸ್ತೆಯ ಸೇತುವೆಯೊಂದು ಕಾಲುವೆಯನ್ನು ದಾಟುವಲ್ಲಿ ಕುದುರೆದಾರಿಯೂ ದೋಣಿಯ ಜೊತೆಗೇ ಆ ಕಮಾನಿನ ಕೆಳಗೆ ನುಸುಳುವಂತೆ ಕಟ್ಟಿದರು. ಇಲ್ಲವಾದರೆ ಪ್ರತಿ ಸೇತುವೆಯಲ್ಲಿಯೂ ಹಗ್ಗವನ್ನು ಬಿಚ್ಚಿ ಆಚೆಗೆ ಹೋಗಿ ಮತ್ತೆ ಕಟ್ಟಬೇಕಾಗುತ್ತಿತ್ತು. ಇಂದಿನ ಸವಾರನು ಕಮಾನಿನಡಿಯಲ್ಲಿ ತಲೆಯನ್ನಿಷ್ಟು ತಗ್ಗಿಸಿ, ಮೇಲೆ ಓಡುವ ಮೋಟಾರುಗಳ ಗೊಡವೆಯೇ ಇಲ್ಲದೆ ಆಚೆಗೆ ಹಾಯುವುದು ಆ ಹಗ್ಗದ ದೆಸೆಯಿಂದ.

ಇಂಥ ಕಾಲುವೆಗಳಲ್ಲಿ ಅತ್ಯಂತ ಪ್ರಖ್ಯಾತವಾದದ್ದು ಫ್ರಾನ್ಸಿನ ಕನಾಲ್ ದ್ಯು ಮಿದಿ. ಅಟ್ಲಾಂಟಿಕ್ ಸಾಗರದ ಕಡೆಯ ಸರಕು ಮೆಡಿಟರೇನಿಯನ್ ಸಮುದ್ರವನ್ನು ಸೇರಬೇಕಾದರೆ ಸ್ಪೇನ್ ದೇಶವನ್ನು ಬಳಸಿ, ಜಿಬ್ರಾಲ್ಟರಿನ ಜಲಸಂಧಿಯನ್ನು ಹಾದು, ಕಡಲುಗಳ್ಳರ ಭಯದಲ್ಲಿ ವಾರಗಟ್ಟಲೆ ಪಯಣಿಸಬೇಕಾಗಿದ್ದ ಕಾಲದಲ್ಲಿ, ದೇಶದ ನಡುವೆಯೇ ನೀರಿನ ದಾರಿಯೊಂದನ್ನು ತೆಗೆಯಬೇಕೆಂಬ ಆಸೆ ಅನೇಕ ಅರಸರಿಗಿತ್ತು. ಉಪಾಯ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅದು ಹೊಳೆದದ್ದು ಪಿಯೆರ್ ಪೋಲ್ ರಿಕೆ ಎಂಬಾತನಿಗೆ. ಆತ ಶಿಲ್ಪಿಯೂ ಅಲ್ಲ, ಎಂಜಿನಿಯರೂ ಅಲ್ಲ. ಉಪ್ಪಿನ ಸುಂಕದ ವಸೂಲಿಯನ್ನು ಗುತ್ತಿಗೆ ಹಿಡಿದಿದ್ದ ಧನಿಕ. ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂಬುದು ನಮ್ಮ ಗಾದೆಯಾದರೂ, ಈ ಸುಂಕದವನು ನೀರಿನ ಕಷ್ಟವನ್ನು ಚೆನ್ನಾಗಿಯೇ ಬಲ್ಲವನಾಗಿದ್ದ. ತೊಡಕು ಇದ್ದದ್ದು ನಡುವಿನ ದಿಬ್ಬದಲ್ಲಿ. ಕಾಲುವೆ, ಮೇಲೂ ಕೆಳಗೂ ಕದಗಳುಳ್ಳ ನೀರುಕೋಣೆಗಳ ಮೂಲಕ, ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಗೆ ಇಳಿಯಬೇಕಾದರೆ, ದಿಬ್ಬವನ್ನು ದಾಟುವ ಪ್ರತಿಯೊಂದು ದೋಣಿಯೂ ನೆತ್ತಿಯ ಮೇಲಿನ ನೀರಿನಲ್ಲಿ ಒಂದು ಕೋಣೆಯಷ್ಟನ್ನು ಈ ಕಡೆಗೂ ಒಂದು ಕೋಣೆಯಷ್ಟನ್ನು ಆ ಕಡೆಗೂ ಖರ್ಚು ಮಾಡುತ್ತದೆ; ಎಂದರೆ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿಯೇ ನೀರು ಎಂದೂ ಬತ್ತಬಾರದು. ಸಮುದ್ರಮಟ್ಟದಿಂದ ಸುಮಾರು 190 ಮೀಟರು ಎತ್ತರದಲ್ಲಿರುವ ನೋರೂಜ್ ಎಂಬ ಆ ದಿಬ್ಬಕ್ಕೆ, ಉತ್ತರಕ್ಕಿರುವ ಕಪ್ಪು ಬೆಟ್ಟಗಳ ಹಳ್ಳಕೊಳ್ಳಗಳ ನೀರನ್ನೆಲ್ಲ ಕಿರುಗಾಲುವೆಗಳಲ್ಲಿ ಹಿಡಿದು ತರುವುದು, ಸೆಂ ಫೆರೆಯೋಲ್ ಎಂಬಲ್ಲಿ ಅಣೆಕಟ್ಟಿ ಅದನ್ನು ಬೇಸಗೆಗೆ ಕೂಡಿಡುವುದು, ಇದೇ ರಿಕೆಯ ಉಪಾಯ.

1666ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಅಪ್ಪಣೆ ಹೊರಟಿತು. ಒಂದು ಹಂತದಲ್ಲಿ ಹನ್ನೆರಡು ಸಾವಿರದಷ್ಟು ಮಂದಿ, ಅವರಲ್ಲಿ ಹೆಂಗಸರೂ ಕೂಡ, ಗುದ್ದಲಿ ಬುಟ್ಟಿಗಳನ್ನು ಹಿಡಿದು ದುಡಿದರು. ಮಳೆಯ ದಿನಕ್ಕೂ ಹಬ್ಬದ ದಿನಕ್ಕೂ ಅವರಿಗೆ ಕೂಲಿ ಸಲ್ಲುತ್ತಿತ್ತೆಂಬುದು ಆ ಶತಮಾನಕ್ಕೆ ಅಪರೂಪದ ಸಂಗತಿ. ಮೊದಲು ಕಟ್ಟಿದ ನೀರುಕೋಣೆಯ ನೇರವಾದ ಗೋಡೆ ಮಣ್ಣಿನ ಒತ್ತಡಕ್ಕೆ ಕುಸಿದುಬೀಳಲು, ರಿಕೆ ತರುವಾಯದ ಕೋಣೆಗಳನ್ನು ಮೊಟ್ಟೆಯಾಕಾರದಲ್ಲಿ, ಮಲಗಿಸಿದ ಕಮಾನಿನಂತೆ ಉಬ್ಬಿಸಿ ಕಟ್ಟಿಸಿದನು. ಇಂದಿಗೂ ಅವು ಹಾಗೆಯೇ ನಿಂತಿವೆ. ಟುಲೂಸ್ ಪಟ್ಟಣದಿಂದ ಸಮುದ್ರದಂಚಿನ ತೋ ಸರೋವರದವರೆಗೆ 240 ಕಿಲೋಮೀಟರು ಉದ್ದದ ಈ ಕಾಲುವೆ 1681ರಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ, 1680ರ ಅಕ್ಟೋಬರಿನಲ್ಲಿ, ತನ್ನ ಐಶ್ವರ್ಯವನ್ನೆಲ್ಲ ಅದಕ್ಕೆ ಸುರಿದು ಮಕ್ಕಳಿಗೆ ಸಾಲವನ್ನು ಬಿಟ್ಟು ರಿಕೆ ತೀರಿಕೊಂಡಿದ್ದನು.

ಮುಂದೆ ಶತಮಾನಕ್ಕೂ ಹೆಚ್ಚು ಕಾಲ ಗೋಧಿ, ದ್ರಾಕ್ಷಾರಸ, ಅಂಚೆ, ಪ್ರಯಾಣಿಕರು ಎಲ್ಲವೂ ಕುದುರೆಯ ಹೆಜ್ಜೆಯ ವೇಗದಲ್ಲಿ ಇಲ್ಲಿ ಸಾಗಿದುವು. ಮುಂದೆ ಅಮೆರಿಕದ ಅಧ್ಯಕ್ಷನಾಗಲಿದ್ದ ಥಾಮಸ್ ಜೆಫರ್ಸನ್ 1787ರಲ್ಲಿ ಈ ಮಾರ್ಗವಾಗಿ ಬಂದಾಗ, ತನ್ನ ಸಾರೋಟಿನ ಗಾಲಿಗಳನ್ನು ಬಿಚ್ಚಿಸಿ ಅದನ್ನೇ ದೋಣಿಯ ಮೇಲಿರಿಸಿ ಅದರೊಳಗೆ ಕುಳಿತಿದ್ದನಂತೆ. ಬೇಸರವಾದಾಗ ಇಳಿದು ದಂಡೆಯ ಮೇಲೆ ನಡೆಯುತ್ತಿದ್ದನು. ಕುದುರೆದಾರಿಯನ್ನು ಕೇವಲ ಸಂತೋಷಕ್ಕಾಗಿ ಬಳಸಿದವರಲ್ಲಿ ಅವನನ್ನೂ ಒಬ್ಬನೆಂದು ಎಣಿಸಬಹುದು. ಆಮೇಲೆ ರೈಲು ಬಂತು. 1858ರಲ್ಲಿ ಸರ್ಕಾರವು ಕಾಲುವೆಯನ್ನು ನಲವತ್ತು ವರ್ಷಗಳ ಮಟ್ಟಿಗೆ ಅದರ ಪ್ರತಿಸ್ಪರ್ಧಿಯಾದ ರೈಲ್ವೆ ಕಂಪನಿಗೇ ಗುತ್ತಿಗೆಗೆ ಕೊಟ್ಟಿತು. ಕುರಿ ಕಾಯುವುದಕ್ಕೆ ತೋಳವನ್ನು ನೇಮಿಸಿದರೆ ಆಗುವುದೇ ಆಯಿತು. ಉಳಿದಿದ್ದ ಸರಕಿನ ದೋಣಿಗಳೂ 1980ರ ದಶಕದ ಹೊತ್ತಿಗೆ ಕಣ್ಮರೆಯಾಗಿ, ಕಾಲುವೆ ವಿಹಾರದ ದೋಣಿಗಳಿಗೂ ಅದರ ದಂಡೆ ಪಾದಚಾರಿಗಳಿಗೂ ಬೈಸಿಕಲ್ಲುಗಳಿಗೂ ಸಂದಿತು. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಸವಾರನಿಗೆ ಈ ದಾರಿ ಏಕೆ ಇಷ್ಟು ಹಗುರವೆಂಬುದನ್ನು ಲೆಕ್ಕದಿಂದಲೂ ತಿಳಿಯಬಹುದು. ನೂರು ಮೀಟರಿಗೆ ಒಂದು ಮೀಟರು ಮೇಲೇರುವ, ಕಣ್ಣಿಗೆ ಏರೆಂದೇ ಕಾಣದ ರಸ್ತೆಯಲ್ಲಿ, ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಗುವುದಾದರೆ, ಗಂಟೆಗೆ 18 ಕಿಲೋಮೀಟರಿನ ಸಾಧಾರಣ ವೇಗದಲ್ಲಿ ಆ ಭಾರವನ್ನು ಮೇಲೆತ್ತುವುದಕ್ಕೇ ಸುಮಾರು 40 ವ್ಯಾಟ್ ಶಕ್ತಿ ವ್ಯಯವಾಗುತ್ತದೆ. ಸಮನೆಲದಲ್ಲಿ ಅದೇ ವೇಗಕ್ಕೆ ಬೇಕಾಗುವ ಒಟ್ಟು ಶಕ್ತಿಯ ಅರ್ಧಕ್ಕಿಂತ ಹೆಚ್ಚಾಯಿತು ಇದು. ನೀರಿಗಾದರೋ ಅಷ್ಟು ಇಳಿಜಾರೂ ಸಹಿಸದು. ನಿಂತ ನೀರು ಮಟ್ಟವಾಗಿಯೇ ನಿಲ್ಲಬೇಕು, ಅದರ ಪಕ್ಕದ ದಾರಿಯೂ ಮಟ್ಟವಾಗಿಯೇ ಇರಬೇಕು. ಟುಲೂಸಿನಿಂದ ಪಶ್ಚಿಮಕ್ಕೆ ಹೊರಟು, ರಿಕೆಯ ಕಾಲುವೆಯನ್ನು ಅಟ್ಲಾಂಟಿಕ್ಕಿನ ಕಡೆಗೆ ಮುಂದುವರಿಸುವ ಗರೋನ್ ಕಾಲುವೆ 193 ಕಿಲೋಮೀಟರು ಸಾಗುವಷ್ಟರಲ್ಲಿ ಇಳಿಯುವುದು ಕೇವಲ 128 ಮೀಟರು. ಅದೂ ಒಂದೇ ಸಮನೆ ಅಲ್ಲ, 53 ಲಾಕುಗಳಲ್ಲಿ, ಎಂದರೆ ಹಿಂದೆ ಹೇಳಿದ ನೀರುಕೋಣೆಗಳಲ್ಲಿ, ಮೆಟ್ಟಿಲುಮೆಟ್ಟಿಲಾಗಿ. ಸೈಕಲ್ಲಿನವನಿಗೆ ಪ್ರತಿ ಲಾಕೂ ಹತ್ತಾರು ಗಜದ ಒಂದು ಚಿಕ್ಕ ಇಳುಕಲು ಮಾತ್ರ. ಎದುರು ದಿಕ್ಕಿನಿಂದ ಬರುವವನು ಪೆಡಲನ್ನು ಎರಡು ಸಲ ಒತ್ತಿ ತುಳಿದರೆ ತೀರಿತು.

ಲಾಕಿನ ಬಳಿ ಇಳಿದು ನಿಂತು ನೋಡದವನು ಅರ್ಧ ಪ್ರಯಾಣವನ್ನು ಕಳೆದುಕೊಂಡಂತೆ ಎಂದೇ ನನ್ನ ಮತ. ಕೆಳಗಿನಿಂದ ಬಂದ ದೋಣಿ ಕೋಣೆಯೊಳಗೆ ಸೇರಿದೊಡನೆ ಹಿಂದಿನ ಕದಗಳು ಮುಚ್ಚಿಕೊಳ್ಳುತ್ತವೆ. ಅವು ನೇರವಾಗಿ ಮುಚ್ಚದೆ, ಮೇಲಿನ ನೀರಿನ ಕಡೆಗೆ ಮೊನೆಮಾಡಿ ಒಂದಕ್ಕೊಂದು ಒರಗಿ ನಿಲ್ಲುವುದರಿಂದ, ನೀರು ಒತ್ತಿದಷ್ಟೂ ಬಿಗಿಯಾಗುತ್ತವೆ. ಮುಂದಿನ ಕದದ ಕಿಂಡಿಯನ್ನೆತ್ತಿದಾಗ ನೀರು ನೊರೆಗರೆಯುತ್ತ ನುಗ್ಗಿ, ದೋಣಿಯೂ ಅದರಲ್ಲಿ ಹಗ್ಗ ಹಿಡಿದು ನಿಂತ ಜನರೂ ಕೆಲವೇ ನಿಮಿಷಗಳಲ್ಲಿ ನಮ್ಮ ಮೊಣಕಾಲಿನ ಮಟ್ಟದಿಂದ ನಮ್ಮ ಮುಖದ ಮಟ್ಟಕ್ಕೆ ಏರಿ ಬರುತ್ತಾರೆ. ಎಂಜಿನ್ನಿಲ್ಲ, ಪಂಪಿಲ್ಲ, ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುವ ಸ್ವಭಾವವೊಂದೇ ಬಂಡವಾಳ. ಪಕ್ಕದಲ್ಲಿ ಕಾವಲುಗಾರನ ಪುಟ್ಟ ಮನೆ. ಮಿದಿ ಕಾಲುವೆಯಲ್ಲಿ ಆ ಮನೆಯ ಗೋಡೆಯ ಫಲಕದ ಮೇಲೆ ಹಿಂದಿನ ಲಾಕಿಗೆ ಎಷ್ಟು ದೂರ, ಮುಂದಿನದಕ್ಕೆ ಎಷ್ಟು ದೂರವೆಂದು ಮೀಟರಿನ ಲೆಕ್ಕದಲ್ಲಿ ಬರೆದಿರುವುದುಂಟು. ದೋಣಿಯವರಿಗಾಗಿ ಬರೆದದ್ದು ಇದಾದರೂ ಬಾಯಾರಿದ ಸೈಕಲ್ಲಿನವನು ಓದುವಷ್ಟು ಶ್ರದ್ಧೆಯಿಂದ ಯಾರೂ ಅದನ್ನು ಓದಿರಲಾರರು.

ಗರೋನ್ ಕಾಲುವೆಯ ದಾರಿಗೆ ಡಾಂಬರು ಹಾಕಿ ನುಣುಪು ಮಾಡಿರುವುದರಿಂದ ಸಣ್ಣ ಟೈರಿನ ರೇಸಿಂಗ್ ಸೈಕಲ್ಲೂ ಅಲ್ಲಿ ಸಲೀಸಾಗಿ ಓಡುತ್ತದೆ. ಆಜಾಂ ಎಂಬ ಪಟ್ಟಣದಲ್ಲಿ ಈ ಕಾಲುವೆ ಗರೋನ್ ನದಿಯನ್ನೇ ದಾಟುವುದು 539 ಮೀಟರು ಉದ್ದದ, 23 ಕಮಾನುಗಳ ಕಲ್ಲಿನ ಮೇಲುಗಾಲುವೆಯ ಮೇಲೆ. ಕೆಳಗೆ ನದಿ, ಮೇಲೆ ಕಾಲುವೆ, ಅದರ ಅಂಚಿನಲ್ಲಿ ಸೈಕಲ್ಲು. ಮಿದಿ ಕಾಲುವೆಯ ಕಡೆಗೆ, ಎಂದರೆ ಪೂರ್ವಕ್ಕೆ, ತಿರುಗಿದರೆ ಟುಲೂಸಿನಿಂದ ಸುಮಾರು ಐವತ್ತು ಕಿಲೋಮೀಟರುಗಳವರೆಗೆ ಮಾತ್ರ ಅಂಥ ನುಣುಪು. ಅಲ್ಲಿಂದ ಮುಂದೆ ಜಲ್ಲಿ, ಮಣ್ಣು, ಮರದ ಬೇರುಗಳು. ಏರಿಲ್ಲವೆಂದ ಮಾತ್ರಕ್ಕೆ ಶ್ರಮವಿಲ್ಲವೆಂದು ತಿಳಿಯಬಾರದು. ಬಯಲುಸೀಮೆಯ ಸವಾರನಿಗೆ ಗಾಳಿಯೇ ಬೆಟ್ಟ. ಟುಲೂಸಿನ ಸುತ್ತ ಆಗ್ನೇಯದಿಂದ ಬೀಸುವ ಓತಾಂ ಎಂಬ ಗಾಳಿ ಮನುಷ್ಯರಿಗೆ ಹುಚ್ಚು ಹಿಡಿಸುತ್ತದೆಂದು ಆ ಸೀಮೆಯವರ ನಂಬಿಕೆ. ಅದಕ್ಕೆ ಎದುರಾಗಿ ನೋರೂಜಿನ ಕಡೆಗೆ ತುಳಿಯುವವನು ಆ ನಂಬಿಕೆಯನ್ನು ಒಪ್ಪದಿರುವುದು ಕಷ್ಟ.

ಗಾಳಿಯನ್ನೂ ಬಿಸಿಲನ್ನೂ ತಡೆಯುತ್ತಿದ್ದುವು ಮಿದಿ ಕಾಲುವೆಯ ದಂಡೆಯ ಎರಡು ಸಾಲುಗಳಲ್ಲಿ ಬೆಳೆದು ಮೇಲೆ ಕೈಸೇರಿಸಿದ ಪ್ಲೇನ್ ಮರಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ನೆಟ್ಟ ಇವು, ತಮ್ಮ ಬೇರುಗಳಿಂದ ದಂಡೆಯನ್ನು ಬಿಗಿಹಿಡಿದು, ನೆರಳಿನಿಂದ ನೀರು ಆವಿಯಾಗುವುದನ್ನೂ ಕಡಮೆ ಮಾಡುತ್ತಿದ್ದುವು. ಸುಮಾರು 42,000 ಮರಗಳಿದ್ದುವು. 2006ರಲ್ಲಿ ಇವುಗಳಲ್ಲಿ ಶಿಲೀಂಧ್ರದಿಂದ ಬರುವ ಒಂದು ಮಾರಕರೋಗ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡುಗಳ ಮರದ ಪೆಟ್ಟಿಗೆಗಳಲ್ಲಿ ಈ ರೋಗ ಯೂರೋಪಿಗೆ ಬಂದಿತೆಂದು ತಜ್ಞರು ಹೇಳುತ್ತಾರೆ. ಔಷಧವಿಲ್ಲ, ಬೇರಿನಿಂದ ಬೇರಿಗೆ, ದೋಣಿಗಳು ಉಜ್ಜಿದ ಗಾಯದಿಂದ ನೀರಿನ ಮೂಲಕ ಮುಂದಿನ ಮರಕ್ಕೆ ಹರಡುತ್ತದೆ. ಕಡಿದು ಸುಡುವುದೊಂದೇ ಉಪಾಯವಾಗಿ, ಸಾವಿರ ಸಾವಿರ ಮರಗಳು ಉರುಳಿದುವು. ಬದಲಾಗಿ ಓಕ್ ಮೊದಲಾದ ಬೇರೆಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಒಂದೇ ಜಾತಿಯ ಸಾಲುಮರ ನೋಡಲು ಚೆಂದ, ರೋಗಕ್ಕೂ ಅದೇ ರಾಜಮಾರ್ಗ. ನಮ್ಮ ರಸ್ತೆಬದಿಯ ಮರಗಳನ್ನು ನೆಡುವವರೂ ಇದನ್ನು ನೆನೆಯುವುದೊಳ್ಳೆಯದು.

ದಾರಿ ಉಳಿದರಷ್ಟೇ ಸಾಲದು. ಅದನ್ನು ಮೋಟಾರಿಗೆ ಬಿಟ್ಟುಕೊಡದಿರುವವರೂ ಬೇಕು. ಈ ಮಾತಿಗೆ ಅಮೆರಿಕದ ಚೆಸಪೀಕ್ ಮತ್ತು ಒಹಾಯೊ ಕಾಲುವೆಯ ಕಥೆಗಿಂತ ಉತ್ತಮವಾದ ನಿದರ್ಶನ ನನಗೆ ತಿಳಿಯದು. 1828ರ ಜುಲೈ 4ರಂದು ವಾಷಿಂಗ್‌ಟನ್ನಿನ ಬಳಿ ಅದರ ಮೊದಲ ಗುದ್ದಲಿ ಬಿದ್ದಿತು; ಅದೇ ದಿನ ಬಾಲ್ಟಿಮೋರಿನಲ್ಲಿ ಅದನ್ನು ಮುಂದೆ ಸೋಲಿಸಲಿದ್ದ ರೈಲುದಾರಿಗೂ ಅಸ್ತಿಭಾರ ಬಿದ್ದಿತು. ಪೊಟೋಮ್ಯಾಕ್ ನದಿಗುಂಟ ಕಂಬರ್‌ಲ್ಯಾಂಡಿನವರೆಗೆ 297 ಕಿಲೋಮೀಟರು ಸಾಗುವ ಆ ಕಾಲುವೆಯಲ್ಲಿ ಹೇಸರಗತ್ತೆಗಳು ಕಲ್ಲಿದ್ದಲಿನ ದೋಣಿಗಳನ್ನೆಳೆದುವು. ಬೆಟ್ಟವೊಂದು ಅಡ್ಡ ಬಂದಲ್ಲಿ 14 ವರ್ಷ ಶ್ರಮಿಸಿ ಸುಮಾರು 950 ಮೀಟರು ಉದ್ದದ ಪಾ ಪಾ ಸುರಂಗವನ್ನು ಕೊರೆದರು. ಅದರೊಳಗಿನ ಇಕ್ಕಟ್ಟಾದ ದಾರಿಯ ಕಟಾಂಜನದ ಮೇಲೆ ಹಗ್ಗಗಳು ಉಜ್ಜಿ ಉಜ್ಜಿ ಕೊರೆದ ಕಚ್ಚುಗಳನ್ನು, ದೀಪ ಹಿಡಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವವನು ಇಂದಿಗೂ ಬೆರಳಿನಿಂದ ಮುಟ್ಟಿ ನೋಡಬಹುದು.

1924ರ ಪ್ರವಾಹದ ತರುವಾಯ ಕಾಲುವೆಯ ವ್ಯವಹಾರ ನಿಂತುಹೋಯಿತು. ಪಾಳುಬಿದ್ದ ಅದರ ಜಾಡಿನ ಮೇಲೆ ಮೋಟಾರು ವಿಹಾರಕ್ಕೆ ರಸ್ತೆಯೊಂದನ್ನು ಮಾಡಬೇಕೆಂದು ಸರ್ಕಾರ ಯೋಚಿಸಿತು. ವಾಷಿಂಗ್‌ಟನ್ ಪೋಸ್ಟ್ ಪತ್ರಿಕೆಯೂ ಸಂಪಾದಕೀಯ ಬರೆದು ಅನುಮೋದಿಸಿತು. ಆಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ವಿಲಿಯಂ ಡಗ್ಲಸ್ 1954ರ ಜನವರಿಯಲ್ಲಿ ಆ ಪತ್ರಿಕೆಗೆ ಕಾಗದ ಬರೆದು, ಬರೆದವರು ಮೊದಲು ತನ್ನೊಡನೆ ಆ ದಾರಿಯನ್ನು ಪೂರ್ತಿ ನಡೆದು ನೋಡಬೇಕೆಂದು ಆಹ್ವಾನವಿತ್ತನು. ಸಂಪಾದಕರು ಒಪ್ಪಿದರು. ಮಾರ್ಚ್ ತಿಂಗಳಲ್ಲಿ ಕಂಬರ್‌ಲ್ಯಾಂಡಿನಿಂದ 58 ಮಂದಿ ಹೊರಟರು. ಕಡೆಯವರೆಗೆ ಪ್ರತಿಯೊಂದು ಹೆಜ್ಜೆಯನ್ನೂ ನಡೆದು ವಾಷಿಂಗ್‌ಟನ್ನನ್ನು ಸೇರಿದವರು ಒಂಬತ್ತು ಮಂದಿ, ಅವರಲ್ಲಿ ಐವತ್ತೈದು ವರ್ಷದ ನ್ಯಾಯಾಧೀಶನೂ ಒಬ್ಬ. ಪತ್ರಿಕೆ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿತು, ರಸ್ತೆಯ ಯೋಜನೆ ಬಿದ್ದುಹೋಯಿತು, 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಯಾವ ತೀರ್ಪನ್ನೂ ಬರೆಯದೆ ಕಾಲುಗಳಿಂದಲೇ ವ್ಯಾಜ್ಯವನ್ನು ಗೆದ್ದ ನ್ಯಾಯಾಧೀಶರು ಹೆಚ್ಚು ಮಂದಿ ಇರಲಾರರು.

ನದಿಯ ದಂಡೆಗಳ ವಿಷಯ ಸ್ವಲ್ಪ ಬೇರೆ. ನದಿ ಕಾಲುವೆಯಂತೆ ವಿಧೇಯವಲ್ಲ. ಉಕ್ಕುತ್ತದೆ, ದಂಡೆಯನ್ನು ಕೊರೆಯುತ್ತದೆ. ಆದರೂ ಡ್ಯಾನ್ಯೂಬಿನಲ್ಲಿ ಪ್ರವಾಹಕ್ಕೆದುರಾಗಿ ಸರಕಿನ ನಾವೆಗಳನ್ನೆಳೆಯಲು ಕುದುರೆಗಳ ದೊಡ್ಡ ದಂಡನ್ನೇ ಹೂಡುತ್ತಿದ್ದ ಜಾಡು, ಹಬೆಯ ಹಡಗು ಬಂದ ಮೇಲೆ ನದೀಪಾಲನೆಯ ಇಲಾಖೆಯ ಓಡಾಟದ ದಾರಿಯಾಗಿ ಉಳಿದು, ಈಗ ಜರ್ಮನಿಯ ಪಸ್ಸೌ ಪಟ್ಟಣದಿಂದ ಆಸ್ಟ್ರಿಯದ ವಿಯೆನ್ನಾದವರೆಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ಸೈಕಲ್ ದಾರಿಯ ಬೆನ್ನೆಲುಬಾಗಿದೆ. ಶ್ಲೋಗನ್ನಿನ ಬಳಿ ನದಿ ಬೆಟ್ಟಕ್ಕೆ ತಾಗಿ ಹಿಂದಕ್ಕೇ ತಿರುಗುವಲ್ಲಿ ದಾರಿಗೆ ಎಡೆಯಿಲ್ಲದ್ದರಿಂದ ಸೈಕಲ್ಲುಗಳನ್ನು ದಾಟಿಸುವುದಕ್ಕೆಂದೇ ಪುಟ್ಟ ದೋಣಿಗಳು ಇವೆ. ವಿದ್ಯುದಾಗಾರಗಳ ಅಣೆಕಟ್ಟುಗಳ ಮೇಲೂ ಆಚೆ ದಡಕ್ಕೆ ಹಾಯಬಹುದು.

ಈ ದಾರಿಗಳಿಗೆಲ್ಲ ಒಂದು ನಡತೆಯುಂಟು. ಇಲ್ಲಿ ಲಾರಿಯ ಸ್ಥಾನದಲ್ಲಿ ನಿಂತವನು ಸೈಕಲ್ಲಿನವನೇ. ಗಾಳ ಹಾಕಿ ಕುಳಿತವನಿಗೂ, ಮಗುವಿನ ಕೈಹಿಡಿದು ನಡೆಯುವವಳಿಗೂ ಅವನೇ ಭಯ. ದೂರದಿಂದ ಗಂಟೆ ಬಾರಿಸಿ, ವೇಗ ತಗ್ಗಿಸಿ, ನಮಸ್ಕಾರವೊಂದನ್ನು ಹೇಳಿ ದಾಟುವುದು ವಾಡಿಕೆ. ಒದ್ದೆಯಾದ ಎಲೆಗಳ ಮೇಲೆ ಬ್ರೇಕನ್ನು ಅದುಮುವವನಿಗೆ ನೀರು ಎರಡೇ ಗಜದ ದೂರದಲ್ಲಿರುತ್ತದೆ.

ನಮ್ಮ ನಾಡಿನಲ್ಲಿ ಕಾಲುವೆಗಳಿಗೆ ಕೊರತೆಯಿಲ್ಲ, ಆದರೆ ಅವು ಹೊಲಕ್ಕೆ ನೀರುಣಿಸಲು ಹುಟ್ಟಿದುವು, ದೋಣಿಗಲ್ಲ. ಕುದುರೆದಾರಿಯ ಬದಲು ಅವುಗಳಿಗೆ ಏರಿಯುಂಟು. ಹಿಂದೆ ಇರ್ವಿನ್ ನಾಲೆಯೆಂದು ಕರೆಸಿಕೊಂಡಿದ್ದ, ಈಗ ಮಂಡ್ಯದ ಕಡೆಯವರ ಬಾಯಲ್ಲಿ ವಿ.ಸಿ. ನಾಲೆಯಾಗಿರುವ ವಿಶ್ವೇಶ್ವರಯ್ಯ ನಾಲೆ ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾದು, ನೆಲದ ಮಟ್ಟವನ್ನು ಅನುಸರಿಸಿ ಬಳುಕುತ್ತ ಕಬ್ಬು ಭತ್ತಗಳ ನಡುವೆ ಸಾಗುವಾಗ, ಅದರ ಏರಿಯ ದಾರಿಯೂ ಸೈಕಲ್ಲಿಗೆ ಹೇಳಿ ಮಾಡಿಸಿದಷ್ಟು ಮಟ್ಟವಾಗಿಯೇ ಇರುತ್ತದೆ. ಕೊರತೆಯಿರುವುದು ಮಟ್ಟಕ್ಕಲ್ಲ, ಮೋಟಾರನ್ನು ತಡೆಯುವ ಕಂಬಕ್ಕೆ. ತಡೆಗೋಡೆಯಿಲ್ಲದ ನಾಲೆಯ ಮಗ್ಗುಲಿನಲ್ಲಿ ಬಸ್ಸು ಕಾರುಗಳು ಓಡುವುದರ ಫಲವನ್ನು ಮಂಡ್ಯದ ಜನ ಕಂಡುಂಡಿದ್ದಾರೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ರಸ್ತೆಗೆ ಬೇರೆ ಜಾಡನ್ನು ಕೊಟ್ಟು, ಏರಿಯನ್ನು ಎತ್ತಿನ ಗಾಡಿಗೂ ನಡೆಯುವವರಿಗೂ ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೂ ಬಿಟ್ಟರೆ ಆಗುವ ಖರ್ಚು ತಡೆಗೋಡೆಯ ಖರ್ಚಿಗಿಂತ ಹೆಚ್ಚಲ್ಲವೆಂದೇ ನನ್ನ ಎಣಿಕೆ. ಅಲ್ಲಿಯವರೆಗೆ, ಏರಿಯ ಮೇಲೆ ಸವಾರಿ ಮಾಡಬೇಕೆನ್ನುವವನು ಮುಂಜಾನೆ ಬೇಗ ಹೊರಡುವುದು ಮೇಲು. ಯಾವ ತೂಬಿನಿಂದಾಚೆಗೆ ದಾರಿ ಕೊರೆದುಹೋಗಿದೆ, ಎಲ್ಲಿ ಕೆಸರಿದೆ ಎಂಬುದನ್ನು ನಕ್ಷೆಗಿಂತ ಚೆನ್ನಾಗಿ ಊರ ನೀರುಗಂಟಿ ಹೇಳಬಲ್ಲ. ಕಾರ್ಖಾನೆಗಳು ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ ಆ ಕಡೆ ಹೋಗದಿರುವುದೇ ಲೇಸು: ಎರಡು ಟ್ರೈಲರು ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿಗೆ ಏರಿಯ ಅಗಲವೆಲ್ಲ ಬೇಕಾಗುತ್ತದೆ.